ಅಳಿವೆಯ ತಳದಲ್ಲಿ ಸಣ್ಣ ವಸ್ತು ಹುಡುಕಲು ನಾನು ಮಾಡುವುದು

ಕಾರವಾರದ ಕಡೆಯ ಅಳಿವೆಗಳಲ್ಲಿ ಕಳೆದುಹೋದ ಲಂಗರು, ಬೋಯೆ (ನೀರಿನ ಮೇಲೆ ತೇಲುವ ಗುರುತು) ಕಟ್ಟುವ ಸಿಮೆಂಟ್ ಕಲ್ಲು ಹುಡುಕಲು ಸೈಡ್ ಸ್ಕ್ಯಾನ್ ಸೋನಾರ್ ಬಳಸುತ್ತೇನೆ. ಎರಡೂ ಪಕ್ಕಕ್ಕೆ ಶಬ್ದ ಬಿಟ್ಟು, ತಿರುಗಿ ಬರುವ ಪ್ರತಿಧ್ವನಿಯಿಂದ ತಳದ ಚಿತ್ರ ತೋರಿಸುವ ಸಾಧನ ಅದು. ಮಳೆ ಬಂದರೆ ನೀರೆಲ್ಲ ಕೆಸರು. ಮುಳುಗುವವರಿಗೆ ತಮ್ಮ ಕೈಯೇ ಕಾಣದು. ಅಂಥಲ್ಲಿ ಅಂದಾಜಿನ ಮೇಲೆ ಯಾರನ್ನೂ ಇಳಿಸಬಾರದು.

ಸಣ್ಣ ವಸ್ತು ಕಾಣಲು ಶಬ್ದದ ಫ್ರೀಕ್ವೆನ್ಸಿ (ಆವರ್ತನ) ಹೆಚ್ಚಿಸಿದರೆ ಸಾಕು ಎನ್ನುವವರಿದ್ದಾರೆ. ನನಗೆ ಹೆಚ್ಚು ಫಲ ಕೊಟ್ಟಿದ್ದು ರೇಂಜ್, ಅಂದರೆ ಪಕ್ಕಕ್ಕೆ ಎಷ್ಟು ದೂರ ನೋಡಬೇಕೆಂಬುದನ್ನು, ಇಳಿಸಿದ್ದು. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಒಂದು ಪಿಂಗ್ (ಒಮ್ಮೆ ಬಿಡುವ ಶಬ್ದ) ಹೋಗಿ ಬರುವವರೆಗೆ ಮುಂದಿನದಕ್ಕೆ ಕಾಯಬೇಕು, ಹಾಗಾಗಿ 75 ಮೀಟರ್ ರೇಂಜ್ ಇಟ್ಟರೆ ಸೆಕೆಂಡಿಗೆ 10 ಪಿಂಗ್ ಮಾತ್ರ. ದೋಣಿ 3 ನಾಟ್‌ನಲ್ಲಿ (ಸೆಕೆಂಡಿಗೆ ಸುಮಾರು 1.5 ಮೀಟರ್) ಹೋಗುತ್ತಿದ್ದರೆ ಒಂದು ಪಿಂಗ್‌ಗೂ ಇನ್ನೊಂದಕ್ಕೂ 15 ಸೆಂ.ಮೀ. ಅಂತರ, 40 ಸೆಂ.ಮೀ. ಕಲ್ಲಿಗೆ ಎರಡೋ ಮೂರೋ ಪಿಂಗ್ ತಾಗುತ್ತವೆ, ಪರದೆಯಲ್ಲಿ ಅದು ಬರೀ ಚುಕ್ಕೆ. 30 ಮೀಟರಿಗೆ ಇಳಿಸಿದರೆ ಸೆಕೆಂಡಿಗೆ 25 ಪಿಂಗ್, ಅದೇ ಕಲ್ಲಿಗೆ ಆರು. ದೋಣಿ ಓಡಿಸಬೇಕಾದ ಸಾಲುಗಳು ಹೆಚ್ಚುತ್ತವೆ, ಡೀಸೆಲ್ ಖರ್ಚಾಗುತ್ತದೆ. ಆಗಲಿ.

ಎರಡನೆಯದು ಸೋನಾರ್ ತಳದಿಂದ ಎಷ್ಟು ಮೇಲಿದೆ ಎಂಬುದು. ಸಣ್ಣ ವಸ್ತುವನ್ನು ಗುರುತಿಸಿಕೊಡುವುದು ಪರದೆಯಲ್ಲಿ ಅದರ ಪ್ರತಿಧ್ವನಿಯ ಹೊಳಪಿಗಿಂತ ಹೆಚ್ಚಾಗಿ ಅದರ ನೆರಳು, ಅಂದರೆ ಅದರ ಹಿಂದೆ ಶಬ್ದ ತಲುಪದ ಕಪ್ಪು ಜಾಗ. 20 ಮೀಟರ್ ದೂರದ 40 ಸೆಂ.ಮೀ. ಎತ್ತರದ ಕಲ್ಲು, ಸೋನಾರ್ 6 ಮೀಟರ್ ಮೇಲಿದ್ದರೆ ಸುಮಾರು 1.4 ಮೀಟರ್ ನೆರಳು ಬೀಳಿಸುತ್ತದೆ. 3 ಮೀಟರಿಗೆ ಇಳಿಸಿದರೆ ನೆರಳು 3 ಮೀಟರ್ ದಾಟುತ್ತದೆ, ಸಂಜೆ ಬಿಸಿಲಿನಲ್ಲಿ ಆಗುವ ಹಾಗೆ. ಲಂಗರಾದರೆ ಹೊಳಪು ಬರೀ ಗೀರು. ನೆರಳಿನಲ್ಲಿ ಮಾತ್ರ ಅದರ ಕೊಕ್ಕೆ ಬಿಡಿಬಿಡಿಯಾಗಿ ಕಾಣುತ್ತದೆ. ಗೇನ್ (ಪ್ರತಿಧ್ವನಿಯನ್ನು ಹಿಗ್ಗಿಸುವ ಮಟ್ಟ) ಜಾಸ್ತಿ ಇಟ್ಟರೆ ಈ ನೆರಳಿನೊಳಗೆ ಕಾಳುಕಾಳು ಗದ್ದಲ ತುಂಬುತ್ತದೆ. ತಳ ಬೂದು, ನೆರಳು ಕಡುಗಪ್ಪು ಆಗುವವರೆಗೆ ಇಳಿಸುತ್ತೇನೆ.

ಮೀನಿನ ಹಿಂಡೂ ಹೊಳೆಯುತ್ತದೆ. ಆದರೆ ಅದು ತಳದಿಂದ ಮೇಲೆ ತೇಲುವುದರಿಂದ ಹೊಳಪಿಗೂ ನೆರಳಿಗೂ ನಡುವೆ ಖಾಲಿ ಜಾಗ ಉಳಿಯುತ್ತದೆ. ತಳದಲ್ಲಿ ಕೂತ ವಸ್ತುವಿಗೆ ನೆರಳು ಅಂಟಿಕೊಂಡೇ ಇರುತ್ತದೆ.

ಹುಡುಕಾಟಕ್ಕೆ ಮೊದಲು ಅಳತೆ ಗೊತ್ತಿರುವ ಕಲ್ಲೊಂದನ್ನು ಹಗ್ಗ, ತೇಲುಬುರುಡೆ ಕಟ್ಟಿ ಮುಳುಗಿಸಿ, ಅದರ ಪಕ್ಕ ಬೇರೆ ಬೇರೆ ದೂರದಲ್ಲಿ ಓಡಿಸಿ ನೋಡುತ್ತೇನೆ. ಎಲ್ಲಿಯವರೆಗೆ ಅದು ಸ್ಪಷ್ಟವೋ ಅಷ್ಟೇ ನನ್ನ ನಿಜವಾದ ರೇಂಜ್. ಸಾಲುಗಳ ಅಂತರ ಅದಕ್ಕಿಂತ ಕಡಿಮೆ. ಸೋನಾರ್‌ನ ನೇರ ಕೆಳಗಿನ ಪಟ್ಟಿ ಸರಿಯಾಗಿ ಕಾಣುವುದಿಲ್ಲವಲ್ಲ, ಅದನ್ನು ಪಕ್ಕದ ಸಾಲು ತುಂಬಿಕೊಡುತ್ತದೆ. ಸೆಳೆತ ಅಡ್ಡ ಬಡಿದರೆ ಸೋನಾರ್ ಓಲಾಡಿ ಚಿತ್ರ ಕಲಸಿಹೋಗುವುದರಿಂದ ಭರತ-ಇಳಿತದ ನಡುವಿನ ನಿಂತ ನೀರಿಗೆ ಕಾಯುತ್ತೇನೆ.

ಗುರಿ ಸಿಕ್ಕಿತು ಅನ್ನಿಸಿದರೆ ಎದುರು ದಿಕ್ಕಿನಿಂದ ಮತ್ತೊಮ್ಮೆ, ಅಡ್ಡಲಾಗಿ ಇನ್ನೊಮ್ಮೆ ಓಡಿಸುತ್ತೇನೆ. ಮೂರರಲ್ಲೂ ನೆರಳು ಕಂಡರೆ ಮಾತ್ರ ಮುಳುಗುವವರಿಗೆ ಜಾಗ ಹೇಳುತ್ತೇನೆ.