ಹಿನ್ನೀರಲ್ಲಿ ಭತ್ತ, ಮರಳು ಸಾಗಿಸುವಾಗ ಜಂಗಲ್‌ಗೆ ಮೋಟಾರ್ ದೋಣಿ ಕಟ್ಟುವ ಕ್ರಮ

ಶರಾವತಿ ಹಿನ್ನೀರಲ್ಲಿ ನಾನು ಹೊರೆ ಸಾಗಿಸುವುದು ಜಂಗಲ್ ಮೇಲೆ, ಅಂದರೆ ಎರಡು ದೋಣಿ ಜೋಡಿಸಿ ಹಲಗೆ ಹಾಸಿದ್ದರ ಮೇಲೆ. ಅದನ್ನು ನಡೆಸುವುದು 10 ಎಚ್‌ಪಿ ಮೋಟಾರಿನ ಸಣ್ಣ ದೋಣಿ. 2025ರಲ್ಲಿ ಸಿಗಂದೂರು ಸೇತುವೆ ಆದಮೇಲೆ ಆಚೆ ದಡದ ತುಮರಿ ಕಡೆಗೆ ಲಾರಿ ನೇರ ಹೋಗಬಹುದು. ಆದರೆ ರಸ್ತೆ ಸುತ್ತಿ ಬರಬೇಕಾದ ದಡಗಳಿಗೆ ಈಗಲೂ ದೋಣಿಯೇ ಗತಿ.

ಜಂಗಲನ್ನು ಹಗ್ಗದಲ್ಲಿ ಹಿಂದೆ ಎಳೆಯಬೇಡಿ. ಅದಕ್ಕೆ ಬ್ರೇಕ್ ಇಲ್ಲ. ದೋಣಿ ನಿಧಾನ ಮಾಡಿದ ಕೂಡಲೇ ಮೂರು ಟನ್ ಹೊರೆ ಬಂದು ಮೋಟಾರಿಗೇ ಗುದ್ದುತ್ತದೆ. ನಾನು ಪಕ್ಕಕ್ಕೆ ಕಟ್ಟುತ್ತೇನೆ. ಮೋಟಾರ್ ಜಂಗಲ್‌ನ ಹಿಂತುದಿಗಿಂತ ಒಂದು ಮೊಳ ಹಿಂದಿರಬೇಕು, ಇಲ್ಲದಿದ್ದರೆ ತಿರುಗಿಸಲು ಹಿಡಿತ ಸಿಗದು. ದೋಣಿಯ ಮೂತಿ ಜಂಗಲ್ ಕಡೆಗೆ ತುಸು ವಾಲಿರಲಿ. ಮೂತಿಗೊಂದು, ಹಿಂದಕ್ಕೊಂದು ಹಗ್ಗ. ಮೂರನೆಯದು ದೋಣಿಯ ಮೂತಿಯಿಂದ ಹೊರಟು ಜಂಗಲ್‌ನ ಹಿಂಬದಿಯ ಗೂಟಕ್ಕೆ ಓರೆಯಾಗಿ ಹೋಗಬೇಕು. ಮುಂದೆ ಸಾಗುವಾಗ ಪೂರ್ತಿ ಎಳೆತ ಬೀಳುವುದು ಈ ಹಗ್ಗದ ಮೇಲೆ, ಹಾಗಾಗಿ ಹಳೆಯದು ಬೇಡ. ನೈಲಾನ್ ಹಿಗ್ಗುತ್ತದೆ, ಹಿಗ್ಗಿದರೆ ದೋಣಿ ಅಲುಗಾಡಿ ಕಟ್ಟು ಸಡಿಲವಾಗುತ್ತದೆ. ಹಿಗ್ಗದ 16 ಮಿ.ಮೀ. ಹಗ್ಗ ಹಾಕಿ, ನಡುವೆ ಹಳೆ ಟೈರ್ ಇಳಿಬಿಡಿ.

ಬಲಗಡೆ ಕಟ್ಟಿದ ದೋಣಿ ಮುಂದೆ ತಳ್ಳಿದರೆ ಜಂಗಲ್ ಎಡಕ್ಕೆ ತಿರುಗಲು ನೋಡುತ್ತದೆ, ರಿವರ್ಸ್ ಹಾಕಿದರೆ ಬಲಕ್ಕೆ. ದಡ ಸೇರುವಾಗ ಇದನ್ನೇ ಉಪಯೋಗಿಸಿಕೊಳ್ಳಬೇಕು. ಗಾಳಿಗೆ ಎದುರಾಗಿ ಬಂದು, ದಡ ಐವತ್ತು ಮೀಟರ್ ಇರುವಾಗಲೇ ನ್ಯೂಟ್ರಲ್.

ಹೊರೆಯ ಲೆಕ್ಕ ಕಣ್ಣಂದಾಜಿಗೆ ಬಿಡಬೇಡಿ. ನನ್ನ ಜಂಗಲ್‌ನ ಒಂದೊಂದು ದೋಣಿ 7 ಮೀಟರ್ ಉದ್ದ, 1.2 ಮೀಟರ್ ಅಗಲ. ತುದಿಗಳು ಚೂಪಾಗುವುದನ್ನು ಕಳೆದರೆ ಎರಡೂ ಸೇರಿ ನೀರಿನ ಮೇಲ್ಮೈಯಲ್ಲಿ ಸುಮಾರು 12.5 ಚದರ ಮೀಟರ್. ಅಂದರೆ 125 ಕೆಜಿಗೆ ಒಂದು ಸೆಂಟಿಮೀಟರ್ ಮುಳುಗುತ್ತದೆ. 75 ಕೆಜಿಯ 40 ಚೀಲ ಭತ್ತಕ್ಕೆ 24 ಸೆಂ.ಮೀ. ಹೊರೆ ತುಂಬಿದ ಮೇಲೂ ಅಂಚು ನೀರಿಂದ ಒಂದು ಗೇಣು ಮೇಲಿರಲೇಬೇಕು.

ಭತ್ತಕ್ಕೂ ಮರಳಿಗೂ ತೊಂದರೆ ಬೇರೆ ಬೇರೆ. ಭತ್ತ ಎತ್ತರಕ್ಕೆ ಏರುತ್ತದೆ, ಗಾಳಿ ಹಾಯಿಯಂತೆ ಹಿಡಿಯುತ್ತದೆ. ಮೂರು ಸಾಲಿಗಿಂತ ಮೇಲೆ ಪೇರಿಸುವುದಿಲ್ಲ, ಅಡಿಯಲ್ಲಿ ರೀಪು ಕೊಟ್ಟು ಎರಡು ಇಂಚು ಎತ್ತರಿಸುತ್ತೇನೆ. ಇಲ್ಲದಿದ್ದರೆ ಅಡಿಸಾಲಿನ ಚೀಲ ನೀರು ಕುಡಿದು ಮೊಳಕೆ ಬರುತ್ತದೆ. ಮರಳು ಮೋಸ ಮಾಡುವುದು ತೂಕದಲ್ಲಿ. ಒಣಗಿದ್ದು ಘನ ಮೀಟರಿಗೆ ಸುಮಾರು 1,600 ಕೆಜಿ, ಒದ್ದೆಯಾದರೆ 2,000ದ ಹತ್ತಿರ. ಬಾಂಡ್ಲಿ ಎಣಿಸಿದರೆ ಸಾಲದು, ಆ ದಿನದ ಒಂದು ಬಾಂಡ್ಲಿ ತೂಗಲೇಬೇಕು. ಒದ್ದೆ ಮರಳಿಂದ ಬಸಿದ ನೀರು ತಳಕ್ಕಿಳಿದು, ದೋಣಿ ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ. ಆ ನೀರು ಹೊರಹಾಕುವ ಪಂಪಿನ ಬಾಯಿಗೆ ಜಾಲರಿ ಇಲ್ಲದಿದ್ದರೆ ಮರಳು ಕಟ್ಟಿ ಪಂಪೂ ನಿಲ್ಲುತ್ತದೆ. ಪರ್ಮಿಟ್ ಇಲ್ಲದ ಮರಳನ್ನು ನಾನು ಹತ್ತಿಸುವುದಿಲ್ಲ.

ತುಂಬುವುದು ನಡುವಿನಿಂದ, ಎರಡೂ ದೋಣಿಗೆ ಸಮವಾಗಿ, ಹಿಂಬದಿ ಎರಡು ಬೆರಳು ಹೆಚ್ಚು ತಗ್ಗುವಂತೆ. ಮೂತಿ ತಗ್ಗಿದರೆ ಜಂಗಲ್ ಅತ್ತಿತ್ತ ಹೊಯ್ದಾಡುತ್ತದೆ. ಇಳಿಸುವಾಗ ಒಂದೇ ಪಕ್ಕ ಖಾಲಿ ಮಾಡಬೇಡಿ.

ಈ ಹಿನ್ನೀರಿನ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಅಲ್ಲಿಂದ ಬೇಸಿಗೆಯವರೆಗೆ ಇಳಿಯುತ್ತಾ ಹೋದಂತೆ ಮುಳುಗಡೆಯಾದ ಕಾಡಿನ ಬೊಡ್ಡೆಗಳು ಪ್ರೊಪೆಲ್ಲರ್ ಮಟ್ಟಕ್ಕೆ ಬರುತ್ತವೆ. ನೀರು ಪೂರ್ತಿ ಇಳಿದಾಗಲೇ ದಾರಿ ನೋಡಿ ಗುರುತು ಮಾಡಿಟ್ಟುಕೊಳ್ಳಬೇಕು. ಬೊಡ್ಡೆಗೆ ಬಡಿದಾಗ ಪ್ರೊಪೆಲ್ಲರ್ ಹಿಡಿದಿರುವ ಮೆದು ಲೋಹದ ಶಿಯರ್ ಪಿನ್ ತುಂಡಾಗಿ ಗೇರ್ ಉಳಿಯುತ್ತದೆ. ಅದರ ಬದಲು ಗಟ್ಟಿ ಮೊಳೆ ಹೊಡೆದರೆ ಮೊಳೆ ಉಳಿದು ಗೇರ್ ಹೋಗುತ್ತದೆ. ನಾಲ್ಕು ಪಿನ್, ಒಂದು ಇಕ್ಕಳ, ಎರಡು ಹುಟ್ಟು ದೋಣಿಯಲ್ಲೇ ಇರಲಿ. ಇಕ್ಕಳಕ್ಕೆ ದಾರ ಕಟ್ಟಿಡಿ.