ಹಳೆಯ ಬೇಸ್‌ಬಾಲ್ ಕಾರ್ಡ್‌ಗೆ ಗ್ರೇಡಿಂಗ್: ಯಾವ ಕಂಪನಿಗೆ ಕಳಿಸಬೇಕು?

ಗ್ರೇಡಿಂಗ್ ಎಂದರೆ ಕಾರ್ಡ್ ಅಸಲಿಯೇ, ಯಾವ ಸ್ಥಿತಿಯಲ್ಲಿದೆ ಎಂದು ಪರೀಕ್ಷಿಸಿ, 10ರವರೆಗಿನ ಅಂಕ ಕೊಟ್ಟು, 'ಸ್ಲ್ಯಾಬ್' ಎಂಬ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಕೊಡುವುದು. ಕಂಪನಿ ಯಾವುದೆಂದು ಯೋಚಿಸುವ ಮೊದಲು ಕೈಯಲ್ಲಿರುವ ಕಾರ್ಡನ್ನು ಸರಿಯಾಗಿ ನೋಡಿ. ಹಳೆಯ ಅಮೆರಿಕನ್ ಕಾರ್ಡ್‌ಗಳಲ್ಲಿ ಹೆಚ್ಚು ದುಡ್ಡು ಹಾಳಾಗುವುದು ಅಂಚು ಕತ್ತರಿಸಿದ ಕಾರ್ಡ್ ಕಳಿಸಿದಾಗ. ಅಂಥದ್ದಕ್ಕೆ ಅಂಕ ಸಿಗುವುದಿಲ್ಲ, ಶುಲ್ಕ ಮಾತ್ರ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಮೊದಲು ಅಳತೆ. ಟಾಪ್ಸ್ ಕಂಪನಿ ಮುದ್ರಿಸಿದ 1952ರ ಕಾರ್ಡ್ 2⅝ × 3¾ ಇಂಚು. 1957ರಿಂದ ಈಚಿನವು 2½ × 3½. ಆಮೇಲೆ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಅಂಚು ನೋಡಿ: ಮೂರು ಬದಿ ಮಾಸಿ ಮೆತ್ತಗಾಗಿದ್ದು, ಒಂದು ಬದಿ ಮಾತ್ರ ಬಿಳಿಚಿ ಹರಿತವಾಗಿದ್ದರೆ ಕತ್ತರಿ ಆಡಿದೆ ಎಂದೇ ಅನುಮಾನಿಸಿ. ದೀಪದ ಬೆಳಕು ಓರೆಯಾಗಿ ಬೀಳುವಂತೆ ಹಿಡಿದರೆ, ನೇರ ಬೆಳಕಲ್ಲಿ ಕಾಣದ ಮಡಿಕೆಗೆರೆ ಎದ್ದು ಕಾಣುತ್ತದೆ. 1909–11ರ ಟಿ206 ಕಾರ್ಡ್ (ಸಿಗರೇಟ್ ಪೊಟ್ಟಣದ ಜೊತೆ ಬರುತ್ತಿದ್ದ ಸರಣಿ) ಯುವಿ ಬೆಳಕಿನಲ್ಲಿ ನೀಲಿ-ಬಿಳಿಯಾಗಿ ಹೊಳೆದರೆ ಅದು ಮರುಮುದ್ರಣವಿರಬಹುದು. ಕಾಗದಕ್ಕೆ ಆ ಹೊಳಪಿನ ರಾಸಾಯನಿಕ ಬೆರೆಸತೊಡಗಿದ್ದು ಬಹಳ ತಡವಾಗಿ. ಕೊಳೆ ಕಂಡರೆ ರಬ್ಬರ್‌ನಿಂದ ಉಜ್ಜಬೇಡಿ.

ಈಗ ಕಂಪನಿ. ಮಾರುವ ಉದ್ದೇಶವಿದ್ದರೆ ಸಾಮಾನ್ಯವಾಗಿ ಪಿಎಸ್ಎ. 1991ರಿಂದ ಇದೆ, ಕೊಳ್ಳುವವರೂ ಜಾಸ್ತಿ. ಆದರೆ ಅಂಕದ ಪಕ್ಕ ದೋಷದ ಗುರುತು ಹಾಕುವ ಅದರ 'ಕ್ವಾಲಿಫೈಯರ್' ಪದ್ಧತಿ ತಿಳಿದಿರಲಿ: ಮೂಲೆಗಳು ಚೆನ್ನಾಗಿದ್ದು ಚಿತ್ರ ಒಂದು ಬದಿಗೆ ಸರಿದಿದ್ದರೆ '8 ಒಸಿ' (ಒಸಿ ಎಂದರೆ ಆಫ್-ಸೆಂಟರ್) ಎಂದು ಬರಬಹುದು. ಮಾರುಕಟ್ಟೆ ಅದನ್ನು ಸುಮಾರು 6 ಎಂದೇ ಎಣಿಸುತ್ತದೆ. ಬೇಡವಾದರೆ ಅರ್ಜಿಯಲ್ಲೇ 'ಕ್ವಾಲಿಫೈಯರ್ ಬೇಡ' ಎಂದು ಗುರುತು ಹಾಕಿ.

ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಕಾರ್ಡ್‌ಗೆ ಎಸ್‌ಜಿಸಿ ನಮ್ಮ ಆಯ್ಕೆ. ಕ್ವಾಲಿಫೈಯರ್ ಗೊಂದಲವಿಲ್ಲ, ಸುತ್ತಲಿನ ಕಪ್ಪು ಚೌಕಟ್ಟಿನಲ್ಲಿ ಬಣ್ಣ ಎದ್ದು ಕಾಣುತ್ತದೆ. 2022ರಲ್ಲಿ 1.26 ಕೋಟಿ ಡಾಲರ್‌ಗೆ ಹೋದ, ಆಟಗಾರ ಮಿಕ್ಕಿ ಮ್ಯಾಂಟಲ್‌ನ 1952ರ ಕಾರ್ಡ್ ಇದ್ದದ್ದು ಎಸ್‌ಜಿಸಿ 9.5ರ ಸ್ಲ್ಯಾಬ್‌ನಲ್ಲೇ. 2024ರಲ್ಲಿ ಪಿಎಸ್ಎಯ ಮಾತೃಸಂಸ್ಥೆಯೇ ಎಸ್‌ಜಿಸಿಯನ್ನು ಕೊಂಡಿದೆ. ಹಾಗಾಗಿ ಇಬ್ಬರೂ ಈಗ ಒಂದೇ ಮನೆಯವರು. ಕೇಂದ್ರೀಕರಣ, ಮೂಲೆ, ಅಂಚು, ಮೇಲ್ಮೈಗೆ ಬೇರೆ ಬೇರೆ ಅಂಕ ಬೇಕೆಂದರೆ ಬೆಕೆಟ್ ಎಂಬ ಕಂಪನಿ ನೋಡಿ.

ಸ್ಲ್ಯಾಬ್ ಬಂದ ಮಾತ್ರಕ್ಕೆ ಪ್ರಶ್ನೆ ಮುಗಿಯಿತು ಎಂದೇನಿಲ್ಲ. ಪಿಎಸ್ಎ ಮೊಟ್ಟಮೊದಲು ಗ್ರೇಡ್ ಮಾಡಿದ್ದು ಆಟಗಾರ ಹೋನಸ್ ವ್ಯಾಗ್ನರ್‌ನ ಟಿ206 ಕಾರ್ಡ್, ಅದಕ್ಕೆ 8 ಸಿಕ್ಕಿತ್ತು. ಅದರ ಅಂಚನ್ನು ತಾವೇ ಕತ್ತರಿಸಿದ್ದಾಗಿ ಕಾರ್ಡ್ ಹರಾಜುದಾರ ಬಿಲ್ ಮಾಸ್ಟ್ರೋ 2013ರಲ್ಲಿ ಒಪ್ಪಿಕೊಂಡರು.

ಲೆಕ್ಕ ಹೀಗೆ ಹಾಕಿ. ನೀವು ಎಣಿಸಿದ್ದಕ್ಕಿಂತ ಒಂದು ಅಂಕ ಕಡಿಮೆ ಬಂದ ಕಾರ್ಡ್ ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆ ಎಂದು ಹುಡುಕಿ (ಕೇಳುವ ಬೆಲೆಯಲ್ಲ). ಅದರಿಂದ ಗ್ರೇಡ್ ಆಗದ ಕಾರ್ಡಿನ ಬೆಲೆ, ಶುಲ್ಕ, ಎರಡೂ ಕಡೆಯ ವಿಮೆ-ಅಂಚೆ ಕಳೆಯಿರಿ. ಏನೂ ಉಳಿಯದಿದ್ದರೆ ಕಳಿಸಬೇಡಿ. ಶುಲ್ಕ ನೀವು ಘೋಷಿಸಿದ ಮೌಲ್ಯದ ಮೇಲೆ ನಿಂತಿರುತ್ತದೆ. ಗ್ರೇಡ್ ಬಂದ ಮೇಲೆ ಮೌಲ್ಯ ಆ ಮಿತಿ ದಾಟಿದರೆ ಹೆಚ್ಚುವರಿ ಶುಲ್ಕ ಬೀಳಬಹುದು.

ಪ್ಯಾಕಿಂಗ್‌ಗೆ ತೆಳು ಸ್ಲೀವ್, ಅದರ ಮೇಲೆ 'ಕಾರ್ಡ್ ಸೇವರ್ 1' ಥರದ ಅರೆಗಟ್ಟಿ ಹೋಲ್ಡರ್ ಸಾಕು. ಸ್ಕ್ರೂ ಹಾಕುವ ಹಳೆಯ ಹೋಲ್ಡರ್‌ನಲ್ಲಿ ಇಟ್ಟಿದ್ದರೆ ಕಾರ್ಡ್ ಒತ್ತಿ ತೆಳ್ಳಗಾಗಿರಬಹುದು. ಅದನ್ನು ಗ್ರೇಡರ್‌ಗಳು ತಿದ್ದುಪಡಿ ಎಂದೇ ಎಣಿಸುವುದುಂಟು. ಅರ್ಜಿಯಲ್ಲಿರುವ ಕ್ರಮದಲ್ಲೇ ಕಾರ್ಡ್ ಜೋಡಿಸಿ, ಎರಡೂ ಬದಿಯ ಫೋಟೋ ತೆಗೆದಿಟ್ಟು, ಎರಡು ರಟ್ಟಿನ ನಡುವೆ ಅಲುಗಾಡದಂತೆ ಕಟ್ಟಿ ಕಳಿಸಿ.