ಕೋಟೆ ಕೆಡವಿ ಜಗಲಿ ಕಟ್ಟಿದ್ದು

ಮೈನ್‌ಕ್ರಾಫ್ಟ್ ಅಂದ್ರೆ ಚೌಕದ ಬ್ಲಾಕ್ ಜೋಡಿಸಿ ಕಟ್ಟೋ ಕಂಪ್ಯೂಟರ್ ಆಟ. ನಾವೆಲ್ಲ ಸೇರಿ ಆಡೋಕೆ ನಾನು ನಡೆಸೋ ಸರ್ವರ್‌ಗೆ ಅಕ್ಕನ ಮಗ ಮೊದಲ ಸಲ ಬಂದಾಗ ಅವನು ಇಳಿದದ್ದು ಕೋಟೆಯ ಛಾವಣಿ ಮೇಲೆ. ನಾನು ಮೂರು ವಾರ ನಿದ್ದೆಗೆಟ್ಟು ಕಟ್ಟಿದ ಕೋಟೆ ಅದು. ಹೆಬ್ಬಾಗಿಲು, ನಾಲ್ಕು ಬುರುಜು, ಒಳಗೆ ಕಾರಂಜಿ, ಗೋಡೆ ತುಂಬ ನಿಯಮದ ಬೋರ್ಡುಗಳು. ಅವನು ಅದ್ಯಾವುದನ್ನೂ ನೋಡಲಿಲ್ಲ. "ಮಾಮಾ, ನಾನು ಎಲ್ಲೋ ಮೇಲಿದ್ದೀನಿ, ಕೆಳಗೆ ಹೇಗೆ ಬರೋದು?" ಅಂತ ಫೋನ್ ಮಾಡಿ ಕೇಳಿದ. ನಾನು ಬಾಯಿ ಬಿಡೋದ್ರೊಳಗೆ ಹಾರಿದ, ಸತ್ತ. ಈ ಆಟದಲ್ಲಿ 23 ಬ್ಲಾಕ್ ಎತ್ತರದಿಂದ ಬಿದ್ದರೆ ಪೂರ್ತಿ ಪ್ರಾಣ ಹೋಗುತ್ತೆ, ನನ್ನ ಛಾವಣಿ 26 ಇತ್ತು. ಮತ್ತೆ ಹುಟ್ಟಿದ, ಮತ್ತೆ ಛಾವಣಿ ಮೇಲೇ. ಮೂರನೇ ಸಲ ಸತ್ತ ಮೇಲೆ "ಊಟಕ್ಕೆ ಕರೀತಿದ್ದಾರೆ" ಅಂತ ಹೇಳಿ ಹೋದವನು ಒಂದು ತಿಂಗಳು ಈ ಕಡೆ ತಲೆ ಹಾಕಲಿಲ್ಲ.

ಆಗಿದ್ದೇನು ಅಂದ್ರೆ, ಹೊಸಬರು ಬಂದು ಇಳಿಯುವ ಜಾಗ, ಅಂದ್ರೆ ಸ್ಪಾನ್, ನಾನು ತೋರಿಸಿದ ಒಂದೇ ಬ್ಲಾಕ್ ಅಲ್ಲ. ಸ್ಪಾನ್ ರೇಡಿಯಸ್ ಅನ್ನೋ ಗೇಮ್‌ರೂಲ್, ಅಂದ್ರೆ ಆಟದ ಸೆಟ್ಟಿಂಗ್ ಒಂದಿದೆ, ಅದು ಮೊದಲಿನಿಂದ 10ಕ್ಕೆ ಇರುತ್ತೆ. ಆ ಬಿಂದುವಿನ ಸುತ್ತ 21×21 ಬ್ಲಾಕ್ ಚೌಕದಲ್ಲಿ ಎಲ್ಲಾದರೂ ಇಳಿಸಬಹುದು. ಅದೂ ಸಾಲದು ಅಂತ ಆಟ ಮೇಲಿನಿಂದ ಕೆಳಗೆ ನೋಡಿ, ಮೊದಲು ಸಿಕ್ಕ ಗಟ್ಟಿ ನೆಲದ ಮೇಲೆ ನಿಲ್ಲಿಸುತ್ತೆ. ಒಳಗೆ ಎಷ್ಟೇ ಚೆನ್ನಾಗಿ ಹಾಲ್ ಕಟ್ಟಿದರೂ ಮೇಲೆ ಸೂರು ಇದ್ದರೆ ಅತಿಥಿ ಸೂರಿನ ಮೇಲೇ. ನಾನು ರೇಡಿಯಸ್ 0 ಮಾಡಿ ನೋಡಿದೆ. ಆಗಲೂ ಛಾವಣಿ ಮೇಲೇ, ಆದ್ರೆ ಪ್ರತಿ ಸಲ ಅದೇ ಜಾಗದಲ್ಲಿ, ಅಷ್ಟೇ ವ್ಯತ್ಯಾಸ.

ಕೋಟೆಯ ಇನ್ನೊಂದು ತೊಂದರೆ ನನಗೆ ಗೊತ್ತಾಗಿದ್ದು ಸ್ಪೆಕ್ಟೇಟರ್ ಮೋಡ್‌ನಲ್ಲಿ ಕೂತು ನೋಡಿದಾಗ. ಅದರಲ್ಲಿ ನಾವು ಯಾರಿಗೂ ಕಾಣಿಸಲ್ಲ, ಸುಮ್ನೆ ಹಿಂದೆ ಹಿಂದೆ ತೇಲಿಕೊಂಡು ಹೋಗಬಹುದು. ಸರ್ವರ್ ನಡೆಸೋರು ಕಟ್ಟೋದಕ್ಕೆ ಕೊಡುವ ಸಮಯದಲ್ಲಿ ಕಾಲು ಭಾಗ ಹೀಗೆ ನೋಡೋದಕ್ಕೆ ಕೊಡಬೇಕು ಅಂತ ನನ್ನ ಅನಿಸಿಕೆ. ಒಬ್ಬ ಗೆಳೆಯನ ತಮ್ಮ ಬಂದ. ಬೋರ್ಡುಗಳ ಮುಂದೆ ಎರಡು ಸೆಕೆಂಡ್ ನಿಂತ, ಒಂದೂ ಓದಲಿಲ್ಲ. ಕಾರಂಜಿಗೆ ಇಳಿದು ಈಜಿದ. ಹೆಬ್ಬಾಗಿಲಿನಿಂದ ಕೋಟೆ ಹೊರಗಿನ ಕಾಡಿಗೆ 180 ಬ್ಲಾಕ್ ದೂರದ ರಾಜಬೀದಿ ಮಾಡಿದ್ದೆ. ನಡೆದರೆ ಸೆಕೆಂಡಿಗೆ 4.3 ಬ್ಲಾಕ್ ಸಾಗುತ್ತೆ, ಅಂದ್ರೆ 40 ಸೆಕೆಂಡಿಗೂ ಜಾಸ್ತಿ ಬರೀ ನಡಿಗೆ. ಅಷ್ಟು ನಡೆದು ಹೋದರೆ ಅಲ್ಲಿ ಒಂದು ಮರ ಇಲ್ಲ! ಹಳಬರೆಲ್ಲ ಸೇರಿ ಕಡಿದು ಹಾಕಿದ್ದೆವು. ಈ ಆಟದಲ್ಲಿ ಮರದ ದಿಮ್ಮಿ ಇಲ್ಲದೆ ಕೊಡಲಿ ಇಲ್ಲ, ಗುದ್ದಲಿ ಇಲ್ಲ, ಬಾಗಿಲಿಲ್ಲ, ಏನೂ ಇಲ್ಲ. ಕತ್ತಲಾಯಿತು, ಅಸ್ಥಿಪಂಜರ ಬಾಣ ಬಿಟ್ಟಿತು, ಹುಡುಗ ಲಾಗೌಟ್.

ನಮ್ಮ ಸರ್ವರ್ 2ಬಿ2ಟಿ ಅಲ್ಲ. ಅದು 2010ರ ಡಿಸೆಂಬರ್‌ನಲ್ಲಿ ಶುರುವಾದ, ನಿಯಮವೇ ಇಲ್ಲದ ಸರ್ವರ್. ಅದರ ಸ್ಪಾನ್ ಸುತ್ತ ಗುಂಡಿ, ಲಾವಾ, ಮುರಿದ ಗೋಡೆ ಬಿಟ್ಟರೆ ಏನಿಲ್ಲ. ಅಲ್ಲಿಂದ ಜೀವಂತ ಹೊರಬೀಳೋದೇ ಆಟ, ಜನ ಅದಕ್ಕೇ ಹೋಗ್ತಾರೆ. ನಮ್ಮದು ಹಾಗಲ್ಲ. ಕಸಿನ್‌ಗಳು, ಅವರ ಗೆಳೆಯರು, ಇಬ್ಬರು ಆಫೀಸಿನವರು, ಅಮೆರಿಕದಲ್ಲಿರೋ ಚಿಕ್ಕಪ್ಪನ ಮಗಳು. ಇಲ್ಲಿಗೆ ಬರೋರು ಮನೆಗೆ ಬಂದ ಹಾಗೆ ಬರ್ತಾರೆ.

ಮನೆ ಅನ್ನೋ ಮಾತು ತಲೆಯಲ್ಲಿ ಬಂದಾಗಲೇ ನಮ್ಮ ಅಜ್ಜನ ಮನೆ ನೆನಪಾಯಿತು. ಸಾಗರದ ಕಡೆಯ ಹಳೇ ತೊಟ್ಟಿಮನೆ. ಬಿಸಿಲಲ್ಲಿ ನಡೆದು ಬಂದೋರು ಜಗಲಿ ಮೇಲೆ ಕೂರ್ತಾರೆ, ಅಜ್ಜಿ ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ ತಂದಿಡ್ತಾರೆ. ಆಮೇಲೇ ಯಾರು, ಯಾಕೆ ಬಂದಿದ್ದು ಅನ್ನೋ ಮಾತು. ಅಲ್ಲಿ ಯಾರೂ ಗೋಡೆ ಮೇಲೆ ಹದಿನಾಲ್ಕು ನಿಯಮ ಬರೆದು ಇಟ್ಟಿರಲಿಲ್ಲ ಅಲ್ವಾ?

ಕೋಟೆ ಕೆಡವಿದೆ. ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ.

ತೊಟ್ಟಿಮನೆ ಕಟ್ಟುವಾಗ ಒಂದು ಮಜಾ ಆಯಿತು. ನಡುವೆ ತೊಟ್ಟಿ, ಅಂದ್ರೆ ಆಕಾಶಕ್ಕೆ ತೆರೆದ ಅಂಗಳ. ಸುತ್ತ ಕಂಬ, ಕಂಬದ ಹಿಂದೆ ಜಗಲಿ. ಸ್ಪಾನ್ ಬಿಂದುವನ್ನು ತೊಟ್ಟಿಯಲ್ಲಿಟ್ಟರೆ ಮೇಲೆ ಸೂರೇ ಇಲ್ಲ, ಹಾಗಾಗಿ ಆಟ ನೇರ ಅಂಗಳಕ್ಕೇ ಇಳಿಸುತ್ತೆ! ಛಾವಣಿ ಸಮಸ್ಯೆಗೆ ನಾನು ವಾರಗಟ್ಟಲೆ ಹುಡುಕಿದ ಉತ್ತರ ಅಜ್ಜನ ಮನೆಯಲ್ಲೇ ಇತ್ತು. ಅಂಗಳ 9×9 ಮಾಡಿ ರೇಡಿಯಸ್ 2 ಇಟ್ಟೆ, ಆಗ ಇಳಿಯುವ ಚೌಕ 5×5. ಎಲ್ಲರೂ ಒಬ್ಬರ ತಲೆ ಮೇಲೊಬ್ಬರು ಬೀಳಲ್ಲ, ಗೋಡೆ ಆಚೆಗೂ ಹೋಗಲ್ಲ. ಮಾಡಿದ ಒಂದು ತಪ್ಪು ಅಂದ್ರೆ ಅಂಗಳದ ನಟ್ಟನಡುವೆ ತುಳಸಿ ಕಟ್ಟೆ ಇಟ್ಟದ್ದು. ಕಲ್ಲಿನ ಕಟ್ಟೆ, ಮೇಲೆ ಒಂದು ಮಣ್ಣಿನ ಬ್ಲಾಕ್, ಅದರಲ್ಲಿ ಒಂದು ಫರ್ನ್ ಗಿಡ. ಮಾರನೇ ದಿನ ಅಕ್ಕನ ಮಗನನ್ನು ಬೇಡಿಕೊಂಡು ಕರೆಸಿದೆ. ಅವನು ಬಂದು ಇಳಿದದ್ದು ಸೀದಾ ತುಳಸಿ ಮೇಲೆ. "ಅಜ್ಜಿಗೆ ಹೇಳ್ಬೇಡ ಮಾಮಾ" ಅಂದ. ಕಟ್ಟೆಯನ್ನು ಮೂಲೆಗೆ ಸರಿಸಿದೆ.

ಹೆಂಚಿಗೆ ಮ್ಯಾಂಗ್ರೋವ್ ಮರದ ಮೆಟ್ಟಿಲು ಬ್ಲಾಕ್ ಹಾಕಿದೆ. ಆಟದ 1.19 ಆವೃತ್ತಿಯಲ್ಲಿ ಬಂದ ಈ ಮರದ ಕೆಂಪು, ಮಳೆ ನೆನೆದ ಮಂಗಳೂರು ಹೆಂಚಿಗೆ ಬಹಳ ಹತ್ತಿರ. ನೆಲಕ್ಕೆ ಕೆಂಪು ಟೆರಾಕೋಟಾ, ನಮ್ಮ ಕೆಂಪು ಗಾರೆ ನೆಲದ ಹಾಗೆ. ಅಂಗಳದಿಂದ ಜಗಲಿಗೆ ಹತ್ತೋಕೆ ಪೂರ್ತಿ ಬ್ಲಾಕ್ ಇಡದೆ ಅರ್ಧ ಬ್ಲಾಕಿನ ಸ್ಲ್ಯಾಬ್ ಇಟ್ಟೆ. ಇದು ಸಣ್ಣ ವಿಷಯ ಅನ್ಸುತ್ತೆ, ಆದ್ರೆ ಅರ್ಧ ಬ್ಲಾಕ್ ಆದರೆ ಜಿಗಿಯೋದೇ ಬೇಡ, ನಡೆದರೆ ತಾನೇ ಹತ್ತುತ್ತೆ. ನಮ್ಮಲ್ಲಿ ಅರ್ಧ ಜನ ಮೊಬೈಲ್‌ನಲ್ಲಿ ಆಡೋರು. ನಮ್ಮದು ಕಂಪ್ಯೂಟರ್‌ನ ಜಾವಾ ಆವೃತ್ತಿಯ ಸರ್ವರ್. ಅದಕ್ಕೆ ಮೊಬೈಲ್‌ನ ಬೆಡ್‌ರಾಕ್ ಆವೃತ್ತಿಯಿಂದ ಬರೋಕೆ ಗೀಸರ್ ಅನ್ನೋ ಪ್ಲಗಿನ್, ಅಂದ್ರೆ ಸರ್ವರ್‌ಗೆ ಸೇರಿಸೋ ಹೆಚ್ಚುವರಿ ತಂತ್ರಾಂಶ ಇದೆ, ಜೊತೆಗೆ ಫ್ಲಡ್‌ಗೇಟ್ ಹಾಕಿದರೆ ಅವರಿಗೆ ಜಾವಾ ಖಾತೆಯೂ ಬೇಡ, ಹೆಸರಿನ ಮುಂದೆ ಒಂದು ಚುಕ್ಕಿ ಬರುತ್ತೆ ಅಷ್ಟೇ. ಆ ಚುಕ್ಕಿಯ ಮಕ್ಕಳು ಹೆಬ್ಬೆರಳಲ್ಲಿ ನಡೀಬೇಕು. ಒಂದು ಬ್ಲಾಕ್ ಅಗಲದ ಬಾಗಿಲಲ್ಲಿ ಅವರು ಚೌಕಟ್ಟಿಗೆ ಡಿಕ್ಕಿ ಹೊಡೆಯೋದನ್ನು ನೋಡಿ ಪಾಪ ಅನ್ನಿಸಿ ಮುಖ್ಯ ಬಾಗಿಲನ್ನು ಮೂರು ಬ್ಲಾಕ್ ಅಗಲ ಮಾಡಿದೆ, ಬಾಗಿಲ ರೆಕ್ಕೆ ಇಲ್ಲದೆ.

ಬಾಗಿಲು ಅಂದಾಗ ಅಮ್ಮನ ಕಥೆ ಹೇಳಲೇಬೇಕು. ನಮ್ಮ ಸರ್ವರ್‌ನಲ್ಲಿ ಹೊಸಬರೆಲ್ಲ ದಕ್ಷಿಣಕ್ಕೆ ಮುಖ ಮಾಡಿ ಇಳಿಯುತ್ತಿದ್ದರು. ಕಣ್ಣು ಬಿಟ್ಟ ತಕ್ಷಣ ಬಾಗಿಲು ಕಾಣಬೇಕು, ಬಾಗಿಲಾಚೆ ಹಸಿರು ಕಾಣಬೇಕು, ಇಷ್ಟಾದರೆ ಯಾವ ಬೋರ್ಡೂ ಬೇಡ. ಹಾಗಾಗಿ ಬಾಗಿಲನ್ನೇ ದಕ್ಷಿಣಕ್ಕೆ ಇಟ್ಟೆ. ಅಮ್ಮ ಕಾಫಿ ತಂದಾಗ ಸ್ಕ್ರೀನ್ ನೋಡಿ "ಎಷ್ಟು ಚೆನ್ನಾಗಿದೆ, ನಮ್ಮನೆ ಥರಾನೇ ಇದೆ, ಬಾಗಿಲು ಯಾವ ದಿಕ್ಕು?" ಅಂದರು. ದಕ್ಷಿಣ ಅಂದೆ. ಕಾಫಿ ಲೋಟ ಇಟ್ಟು ಹೋದವರು ಸಂಜೆವರೆಗೂ ಅದೇ ಮಾತು. ಕೊನೆಗೆ ಎಸೆನ್ಷಿಯಲ್ಸ್ ಪ್ಲಗಿನ್‌ನ ಸ್ಪಾನ್ ಭಾಗ ಹಾಕಿದೆ. ಅದರಲ್ಲಿ ಸೆಟ್‌ಸ್ಪಾನ್ ಕೊಟ್ಟರೆ ನಾವು ನಿಂತ ಜಾಗದ ಜೊತೆ ನಾವು ನೋಡುತ್ತಿರೋ ದಿಕ್ಕನ್ನೂ ಉಳಿಸಿಕೊಳ್ಳುತ್ತೆ. ಬಾಗಿಲು ಪೂರ್ವಕ್ಕೆ ಬಂತು. ಈ ಆಟದಲ್ಲೂ ಸೂರ್ಯ ಹುಟ್ಟೋದು ಪೂರ್ವದಲ್ಲೇ, ಬೆಳಗ್ಗೆ ಬಂದೋರಿಗೆ ಬಾಗಿಲ ಚೌಕಟ್ಟಿನೊಳಗೇ ಸೂರ್ಯ ಕಾಣ್ತಾನೆ. ಅಮ್ಮ ಹೇಳಿದ್ದು ಸರಿ ಇತ್ತು ಅಂತ ಅವರ ಮುಂದೆ ಇನ್ನೂ ಒಪ್ಪಿಕೊಂಡಿಲ್ಲ. ಈ ಪ್ಲಗಿನ್ ಇದ್ದರೆ ಸೂರಿನ ಕೆಳಗೂ ಇಳಿಸಬಹುದು, ತೊಟ್ಟಿ ಬೇಕಂತಲೇ ಇಲ್ಲ. ಆದ್ರೆ ತೊಟ್ಟಿ ಮೇಲೆ ಆಗಲೇ ಪ್ರೀತಿ ಬಂದಿತ್ತು.

ಬೋರ್ಡಿನಲ್ಲಿ ಕನ್ನಡ ಬರೆಯೋ ಆಸೆ ನನಗೆ ಮೊದಲಿಂದ. ಆಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆದ್ರೆ ಜಾವಾ ಆವೃತ್ತಿಯಲ್ಲಿ ನಮ್ಮ ಅಕ್ಷರ ಕೂಡಿಕೊಳ್ಳಲ್ಲ. "ಸ್ವಾಗತ" ಅಂತ ಬರೆದರೆ ಸ ಬೇರೆ, ಅದರ ಹಲಂತ ಗುರುತು ಬೇರೆ, ವ ಬೇರೆ, ದೀರ್ಘ ಬೇರೆ, ಎಲ್ಲ ಸಾಲಾಗಿ ರೇಷನ್ ಕ್ಯೂ ನಿಂತ ಹಾಗೆ. ಒತ್ತಕ್ಷರ ಬಿಡಿ, ಗುಣಿತಾಕ್ಷರಕ್ಕೂ ಗತಿ ಇಲ್ಲ. ಒಂದು ರಾತ್ರಿ ಕೂತು, ಕೊಂಬು ಗುಡಿಸು ದೀರ್ಘ ಯಾವುದೂ ಇಲ್ಲದ ಮಾತು ಯಾವುದಿದೆ ಅಂತ ಹುಡುಕಿದೆ. ಮರ. ದನ. ಊಟ. ಸಾಕಾಯಿತು! ರೊಟ್ಟಿ ಇಟ್ಟ ಪೆಟ್ಟಿಗೆ ಮೇಲೆ "ಊಟ", ಆಚೆ ತೋಟದ ಬೇಲಿಗೆ "ಮರ", ಕೊಟ್ಟಿಗೆಗೆ "ದನ". ಉಳಿದದ್ದಕ್ಕೆ ಅಕ್ಷರವೇ ಬೇಡ ಅಂತ ಐಟಂ ಫ್ರೇಮ್‌ನಲ್ಲಿ ವಸ್ತುಗಳನ್ನೇ ನೇತು ಹಾಕಿದೆ. ಗಣಿ ದಾರಿಗೆ ಒಂದು ಗುದ್ದಲಿ, ಅಂಗಡಿ ಕಡೆಗೆ ಒಂದು ಎಮರಾಲ್ಡ್. ನಿಯಮ ಮೂರೇ ಉಳಿದವು, ಅವನ್ನು ಬಾಗಿಲ ಪಕ್ಕ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೀನಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ಯಾರಾದರೂ ಓದ್ತಾರಾ ಅಂತ ಕೇಳಬೇಡಿ.

ಇನ್ನು ಊಟದ ಪೆಟ್ಟಿಗೆ. ಇದು ನನ್ನನ್ನು ಎರಡು ದಿನ ಸತಾಯಿಸಿತು. ಮಕ್ಕಳು "ಪೆಟ್ಟಿಗೆ ತೆಗೆಯೋಕೆ ಆಗ್ತಿಲ್ಲ" ಅಂದರು. ನಾನು ತೆಗೆದು ನೋಡಿದೆ, ತೆರೀತು. ನಾನು ಆಪರೇಟರ್, ಅಂದ್ರೆ ಸರ್ವರ್‌ನ ಮೇಲ್ವಿಚಾರಕ ಅಲ್ವಾ, ಅದಕ್ಕೇ ಇರಬಹುದು ಅಂತ ನನ್ನ ಆಪರೇಟರ್ ಹಕ್ಕು ತೆಗೆದು ಸಾಮಾನ್ಯ ಆಟಗಾರನ ಹಾಗೆ ಬಂದು ನೋಡಿದೆ, ಆಗಲೂ ತೆರೀತು. ಮಕ್ಕಳೇ ತಪ್ಪು ಬಟನ್ ಒತ್ತುತ್ತಿದ್ದಾರೆ ಅಂತ ತೀರ್ಮಾನ ಮಾಡಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಜಗಲಿಯ ಎರಡು ಕಂಬ ಇಲ್ಲ.

ವಿಷಯ ಇಷ್ಟು. ಸರ್ವರ್‌ನ ಪ್ರಾಪರ್ಟೀಸ್ ಫೈಲ್‌ನಲ್ಲಿ ಸ್ಪಾನ್ ಪ್ರೊಟೆಕ್ಷನ್ ಅಂತ ಒಂದಿದೆ, ಮೊದಲಿನಿಂದ 16. ಸ್ಪಾನ್ ಸುತ್ತ 33×33 ಚೌಕದಲ್ಲಿ ಆಪರೇಟರ್ ಬಿಟ್ಟು ಬೇರೆಯವರು ಏನನ್ನೂ ಒಡೆಯೋ ಹಾಗಿಲ್ಲ, ಇಡೋ ಹಾಗಿಲ್ಲ. ಪೆಟ್ಟಿಗೆ ತೆಗೆಯೋದು, ಬಟನ್ ಒತ್ತೋದು ಕೂಡ ಆಗಲ್ಲ. ಆದ್ರೆ ಸರ್ವರ್‌ನಲ್ಲಿ ಒಬ್ಬ ಆಪರೇಟರ್ ಕೂಡ ಇಲ್ಲದಿದ್ದರೆ ಈ ರಕ್ಷಣೆ ಕೆಲಸವೇ ಮಾಡಲ್ಲ! ಇದ್ದ ಒಬ್ಬನೇ ಆಪರೇಟರ್ ನಾನು. ಪರೀಕ್ಷೆ ಮಾಡೋಕೆ ಹೋಗಿ ಬೀಗವನ್ನೇ ತೆಗೆದು, ಬಾಗಿಲು ತೆರೀತಲ್ಲ ಅಂದುಕೊಂಡಿದ್ದೆ. ಕಂಬ ಕಿತ್ತವರು ಯಾರು ಅಂತ ಕೇಳಲಿಲ್ಲ. ಆಮೇಲೆ ಆ 16 ಅನ್ನು 0 ಮಾಡಿ, ವರ್ಲ್ಡ್‌ಗಾರ್ಡ್ ಪ್ಲಗಿನ್‌ನಲ್ಲಿ ಮನೆ ಸುತ್ತ ಒಂದು ರೀಜನ್, ಅಂದ್ರೆ ಬೇರೆ ನಿಯಮದ ಗಡಿ ಮಾಡಿದೆ. ಒಡೆಯೋಕೆ ಬಿಡಲ್ಲ, ಪೆಟ್ಟಿಗೆ ಮಾತ್ರ ಎಲ್ಲರಿಗೂ ತೆರೆಯುತ್ತೆ, ಜಗಳ ಆಡೋ ಹಾಗಿಲ್ಲ. ನಿಮ್ಮದೂ ಚಿಕ್ಕ ಸರ್ವರ್ ಆಗಿದ್ದರೆ ಇದನ್ನು ಮೊದಲೇ ಮಾಡಿ. ಮತ್ತೆ ಪರೀಕ್ಷೆಗೆ ಇನ್ನೊಂದು ಬೇರೆ ಖಾತೆ ಇಟ್ಟುಕೊಳ್ಳಿ.

ಪೆಟ್ಟಿಗೆ ತೆರೆದ ಮೊದಲ ದಿನವೇ ಒಬ್ಬ ಎಲ್ಲ ರೊಟ್ಟಿ ಬಾಚಿಕೊಂಡ. ಅದಕ್ಕೆ ಹೊಸಬರಿಗೆ ಮೊದಲ ಸಲ ಬಂದಾಗ ತಾನೇ ಒಂದು ಕಿಟ್ ಸಿಗೋ ಹಾಗೆ ಮಾಡಿದೆ. ಕಲ್ಲಿನ ಕೊಡಲಿ, ಕಲ್ಲಿನ ಗುದ್ದಲಿ, 16 ರೊಟ್ಟಿ, 8 ಪಂಜು, ಒಂದು ಹಾಸಿಗೆ. ವಜ್ರದ ಕತ್ತಿ ಕೊಡೋ ಸರ್ವರ್‌ಗಳೂ ಇವೆ, ನನಗೆ ಹಿಡಿಸಲ್ಲ. ಬಂದ ಕೂಡಲೇ ಹೋಳಿಗೆ ಬಡಿಸಿದರೆ ಆಮೇಲೆ ಏನು ಬಡಿಸ್ತೀರಿ? ಹಾಸಿಗೆ ಮಾತ್ರ ಕೊಡಲೇಬೇಕು. ರಾತ್ರಿ ದಾಟಿಸುತ್ತೆ, ಮತ್ತೆ ಸತ್ತರೆ ಅವರು ಹಾಸಿಗೆ ಹಾಕಿ ಮಲಗಿದ ಜಾಗದಲ್ಲೇ ಏಳ್ತಾರೆ, ನಮ್ಮ ಅಂಗಳಕ್ಕೆ ವಾಪಸ್ ಬರಬೇಕಿಲ್ಲ.

ಬಾಗಿಲಿಂದ 40 ಬ್ಲಾಕ್‌ಗೆ ತೋಟ, ಹತ್ತು ಸೆಕೆಂಡ್ ನಡಿಗೆ. ಓಕ್ ಮರದ ಸಾಲು, ರೀಜನ್‌ನಿಂದ ಹೊರಗೆ. ಯಾರು ಬೇಕಾದರೂ ಕಡಿಯಬಹುದು, ಕಡಿದವರು ಸಸಿ ನೆಡಬೇಕು. ಮೂರು ನಿಯಮದಲ್ಲಿ ಇದೂ ಒಂದು. ಅರ್ಧ ಜನ ನೆಡಲ್ಲ, ಭಾನುವಾರ ನಾನೇ ನೆಡ್ತೀನಿ. ದಾರಿಯ ಎರಡೂ ಕಡೆ ಲಾಟೀನು. 1.18ರಿಂದ ಬೆಳಕು ಪೂರ್ತಿ 0 ಇರೋ ಕಡೆ ಮಾತ್ರ ರಾಕ್ಷಸರು ಹುಟ್ಟೋದು, ಹಾಗಾಗಿ ಮೊದಲಿನಷ್ಟು ದೀಪ ಬೇಡ. ಆದ್ರೂ ಹೊರಗಿಂದ ನಡೆದು ಬರೋರನ್ನು ಲಾಟೀನು ತಡೆಯಲ್ಲ. ದಾರಿಗೆ ಬೇಲಿ ಹಾಕಿದ್ದು ಅದಕ್ಕೆ.

ಅಕ್ಕನ ಮಗ ಈಗ ದಿನಾ ಬರ್ತಾನೆ. ಹೋದ ವಾರ ಅವನ ಕ್ಲಾಸಿನ ಹುಡುಗಿ ಬಂದಿದ್ದಳು, ಹೆಸರಿನ ಮುಂದೆ ಚುಕ್ಕಿ. ನಾನು ಎಂದಿನಂತೆ ಸ್ಪೆಕ್ಟೇಟರ್‌ನಲ್ಲಿ ತೇಲುತ್ತಿದ್ದೆ. ಇಳಿದಳು, ಒಂದು ಸುತ್ತು ತಿರುಗಿದಳು, ಊಟದ ಪೆಟ್ಟಿಗೆ ತೆಗೆದು ಮುಚ್ಚಿದಳು, ಬಾಗಿಲು ದಾಟಿ ತೋಟಕ್ಕೆ ಹೋಗಿ ಮರ ಕಡಿಯೋಕೆ ಶುರು ಮಾಡಿದಳು. ಒಂದು ನಿಮಿಷ ಕೂಡ ಆಗಿರಲಿಲ್ಲ. ನಾನು ಕೆಂಪು ಗಾರೆಗೆ ಯಾವ ಬ್ಲಾಕ್ ಅಂತ ನಾಲ್ಕು ದಿನ ಒದ್ದಾಡಿದ್ದೆ, ಅವಳು ನೆಲ ನೋಡಲೇ ಇಲ್ಲ.

ಅಮ್ಮ ಮೊನ್ನೆ ಮತ್ತೆ ಬಂದು ನೋಡಿದರು. ಆಟದಲ್ಲಿ ಮಳೆ ಬರ್ತಿತ್ತು, ತೊಟ್ಟಿಯೊಳಗೆ ಸುರೀತಿತ್ತು. "ಮಳೆ ನೀರಿಗೆ ಒಂದು ಹಂಡೆ ಇಡಲ್ವೇನೋ?" ಅಂದರು. ಆಟದಲ್ಲಿ ಕಾಲ್ಡ್ರನ್ ಅಂತ ಕಬ್ಬಿಣದ ಹಂಡೆ ಇದೆ, ಬಯಲಲ್ಲಿಟ್ಟರೆ ಮಳೆಗೆ ನಿಧಾನಕ್ಕೆ ತುಂಬುತ್ತೆ ಕೂಡ. ತುಳಸಿ ಕಟ್ಟೆ ಪಕ್ಕ ಒಂದು ಇಟ್ಟಿದ್ದೀನಿ. ಇನ್ನೂ ಅರ್ಧವೂ ತುಂಬಿಲ್ಲ.